ನಗರಪಾಲಿಕೆ ಮತ್ತು ಶುದ್ಧಶಕ್ತಿ

ಪ್ರಶ್ನೆ: ವಿದ್ಯುತ್ತನ್ನು ತಾವೇ ಉತ್ಪಾದಿಸದ ನಗರಪಾಲಿಕೆಗಳು ಶುದ್ಧಶಕ್ತಿಯ ಕಡೆಗೆ ತಿರುಗುವುದೆಂತು?

ಉತ್ತರ: ವಿಶಾಖಪಟ್ಟಣದ ಸಮೀಪದ ಸಿಂಹಾದ್ರಿ ಸ್ಥಾವರವಾಗಲಿ, ವಿಜಯವಾಡದ ಮಗ್ಗುಲಿನ ಇಬ್ರಾಹಿಂಪಟ್ಟಣದ ನಾರ್ಲ ತಾತಾರಾವ್ ಸ್ಥಾವರವಾಗಲಿ, ಕಲ್ಲಿದ್ದಲನ್ನು ಉರಿಸುವ ಈ ಮಹಾಯಂತ್ರಾಗಾರಗಳು ಪಾಲಿಕೆಗಳ ಅಧೀನದಲ್ಲಿಲ್ಲವೆಂಬುದು ನಿಜವೇ; ಆದರೂ ಬೀದಿದೀಪ, ನೀರೆತ್ತುವ ಪಂಪು, ಕಚೇರಿಗಳ ಮಾಳಿಗೆ, ಕುಡಿಯುವ ನೀರಿನ ಜಲಾಶಯ ಇವೆಲ್ಲ ಅವುಗಳ ಕೈಯಲ್ಲಿಯೇ ಇರುವುವು.

2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತವು ವಿಶಾಖಪಟ್ಟಣದ ದೀಪಸ್ತಂಭಗಳನ್ನು ನೆಲಕ್ಕುರುಳಿಸಿದಾಗ, ಹಳೆಯ ಸೋಡಿಯಂ ದೀಪಗಳನ್ನೇ ಮರಳಿ ತೂಗುಹಾಕದೆ ಎಲ್‌ಇಡಿ ದೀಪಗಳನ್ನು ಸ್ಥಾಪಿಸಿದುದು ವಿವೇಕದ ಕಾರ್ಯವೆಂದೇ ನನ್ನ ಮತ. ಇಲ್ಲಿ ಮೂಲಧನವನ್ನು ಹೂಡಿದುದು ಕೇಂದ್ರಸರ್ಕಾರದ ಇಂಧನದಕ್ಷತಾ ಸಂಸ್ಥೆ; ಬಿಲ್ಲಿನಲ್ಲಿ ಉಳಿದ ಹಣದಿಂದಲೇ ಪಾಲಿಕೆಯು ಆ ಋಣವನ್ನು ಕಂತುಕಂತಾಗಿ ತೀರಿಸುವ ಏರ್ಪಾಡು. ಬೊಕ್ಕಸ ಬರಿದಾದ ಊರಿಗೂ ಇದು ಸಾಧ್ಯ.

ಇನ್ನು ಅದೇ ನಗರದ ಮುಡಸರ್ಲೋವ ಜಲಾಶಯವನ್ನು ನೋಡಬೇಕು. 2018ರಲ್ಲಿ ಅಲ್ಲಿ 2 ಮೆಗಾವ್ಯಾಟ್ ಸಾಮರ್ಥ್ಯದ ಸೌರಫಲಕಗಳನ್ನು ನೀರಿನ ಮೇಲೆಯೇ ತೇಲಿಬಿಡಲಾಯಿತು. ಟೊಳ್ಳಾದ ಪ್ಲಾಸ್ಟಿಕ್ ತೆಪ್ಪಗಳ ಮೇಲೆ ಸಾಲಾಗಿ ಓರೆಯಾಗಿ ಕುಳಿತ ಈ ಫಲಕಗಳನ್ನು ಗಾಳಿಗೆ ಸರಿಯದಂತೆ ಬಿಗಿದಿರುವರು. ಭೂಮಿಯ ಬೆಲೆ ಉಳಿಯಿತು, ನೀರು ಆವಿಯಾಗುವುದು ತಗ್ಗಿತು, ಕೆಳಗಿನ ತಂಪಿನಿಂದ ಫಲಕಗಳ ಕಾರ್ಯಕ್ಷಮತೆಯೂ ವರ್ಧಿಸುವುದು.

ವಿಜಯವಾಡವು ಕೇಂದ್ರಸರ್ಕಾರದ ಸೌರನಗರ ಯೋಜನೆಯ ಪಟ್ಟಿಯಲ್ಲಿ ಸೇರಿತ್ತು. ಅಲ್ಲಿ ಸುಡುಬೇಸಿಗೆಯ ಬಿಸಿಲಿಗಾಗಲಿ, ಫಲಕಗಳನ್ನಿಡುವ ಮಾಳಿಗೆಗಳಿಗಾಗಲಿ ಕೊರತೆಯಿಲ್ಲ. ಆದರೆ ಕೃಷ್ಣೆಯ ನೀರನ್ನೆತ್ತಿ ಗುಡ್ಡಗಳ ಮೇಲಿನ ಮನೆಗಳಿಗೆ ಮುಟ್ಟಿಸುವ ಪಂಪುಗಳನ್ನು ಮೊದಲು ಸುಧಾರಿಸುವುದೇ ಅಲ್ಲಿ ಹೆಚ್ಚು ಫಲಕಾರಿಯೆಂದು ನಾನು ಭಾವಿಸುತ್ತೇನೆ.