ಕಡಲತಡಿಯಲ್ಲಿ ಎರಡು ದಿನ: ವಿಶ್ರಾಂತಿಯೂ ಕುಟುಂಬದ ಧರ್ಮ

ಮಲೆನಾಡಿನ ನಮ್ಮ ಕಥೋಲಿಕ ಕುಟುಂಬಗಳಿಗೆ ಕರಾವಳಿ ಅಪರಿಚಿತ ನಾಡಲ್ಲ. ಮೂಡಿಗೆರೆ, ಕಳಸ, ಕೊಟ್ಟಿಗೆಹಾರದ ಸುತ್ತ ನೆಲೆಸಿರುವ ಹಲವು ಕೊಂಕಣಿ ಮನೆತನಗಳ ಹಿರಿಯರು ಘಟ್ಟದ ಕೆಳಗಿನಿಂದಲೇ ಬಂದವರು. ಇಂದಿಗೂ ಮದುವೆಗೆ, ಅಂತ್ಯಕ್ರಿಯೆಗೆ, ಅತ್ತೂರಿನ ಸಂತ ಲಾರೆನ್ಸರ ಜಾತ್ರೆಗೆ, 1880ರಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ ಕಂಕನಾಡಿಯಲ್ಲಿ ಆರಂಭಿಸಿದ ಆಸ್ಪತ್ರೆಗೆ ನಾವು ಚಾರ್ಮಾಡಿ ಘಾಟಿ ಇಳಿಯುತ್ತೇವೆ. ಆದರೆ ಕೆಲಸ ಮುಗಿದೊಡನೆ, ಕೆಲವೇ ಕಿಲೋಮೀಟರು ದೂರದ ಕಡಲನ್ನು ನೋಡದೆ ಬಸ್ಸು ಹತ್ತಿ ಮರಳುತ್ತೇವೆ. ತೋಟದ ಲೈನ್ ಮನೆಗಳಲ್ಲಂತೂ ಕಡಲನ್ನು ಕಾಣದೆಯೇ ಮುಪ್ಪು ಮುಟ್ಟಿದವರಿದ್ದಾರೆ. ಕುಟುಂಬವೆಲ್ಲ ಒಟ್ಟಿಗೆ ಇರುವುದಕ್ಕಾಗಿಯೇ ಎರಡು ದಿನ ಕಡಲತಡಿಗೆ ಹೋಗೋಣವೆಂಬ ಯೋಚನೆ ಅನೇಕ ಮನೆಗಳಲ್ಲಿ ಇನ್ನೂ ಹುಟ್ಟಬೇಕಾಗಿದೆ. ಮನೆಗಳ ಆಶೀರ್ವಾದಕ್ಕೆ ಹೋದಾಗ ಈ ಮಾತೆತ್ತಿದರೆ, ಅದೆಲ್ಲ ಉಳ್ಳವರಿಗೆ ಎಂಬ ಉತ್ತರವೇ ನಮಗೆ ಕೇಳಿಬರುತ್ತದೆ.

ವಿಶ್ರಾಂತಿ ಉಳ್ಳವರ ಸೊತ್ತೇ? ಸಂತ ತೋಮಸ್ ಅಕ್ವಿನಾಸರು 13ನೆಯ ಶತಮಾನದಲ್ಲಿ ರಚಿಸಿದ ‘ಸುಮ್ಮಾ’ ಗ್ರಂಥದಲ್ಲಿ ಈ ವಿಷಯವನ್ನು ಗಂಭೀರವಾಗಿಯೇ ಚರ್ಚಿಸಿದ್ದಾರೆ. ದೇಹ ದಣಿಯುವಂತೆ ಮನಸ್ಸೂ ದಣಿಯುತ್ತದೆ, ಅದಕ್ಕೆ ವಿರಾಮ ವಿನೋದಗಳು ಬೇಕು ಎಂಬುದು ಅವರ ವಾದ. ಅಲ್ಲಿ ಅವರು ಸಂತ ಯೊವಾನ್ನರ ಕುರಿತಾದ ಒಂದು ಹಳೆಯ ಕಥೆಯನ್ನು ನೆನೆಯುತ್ತಾರೆ. ಯೊವಾನ್ನರು ಶಿಷ್ಯರೊಡನೆ ಆಡುತ್ತಿರುವುದನ್ನು ಕಂಡು ಕೆಲವರು ಮುಖ ಸಿಂಡರಿಸಿದರಂತೆ. ಆಗ ಅವರು ಬಿಲ್ಲು ಹಿಡಿದಿದ್ದವನೊಬ್ಬನಿಗೆ ಬಾಣದ ಮೇಲೆ ಬಾಣ ಬಿಡಲು ಹೇಳಿ, ಎಡೆಬಿಡದೆ ಹೀಗೆಯೇ ಮಾಡಬಲ್ಲೆಯಾ ಎಂದು ಕೇಳಿದರು. ಹಾಗೆ ಮಾಡಿದರೆ ಬಿಲ್ಲು ಮುರಿದೀತೆಂದು ಅವನು ಹೇಳಿದನು. ಮನುಷ್ಯನ ಮನಸ್ಸೂ ಅಂತೆಯೇ ಎಂಬುದು ಯೊವಾನ್ನರ ಉತ್ತರವಾಗಿತ್ತು. ಪ್ರೇಷಿತರು ಸೇವೆಯಿಂದ ದಣಿದು ಬಂದಾಗ, ನಿರ್ಜನ ಸ್ಥಳಕ್ಕೆ ಹೋಗಿ ತುಸು ವಿಶ್ರಮಿಸಿಕೊಳ್ಳಲು ಯೇಸುಸ್ವಾಮಿಯೇ ಅವರನ್ನು ಕರೆದುದನ್ನು ಸಂತ ಮಾರ್ಕರು ಬರೆದಿಟ್ಟಿದ್ದಾರೆ.

ಕಡಲತೀರದ ರಜೆಗೆ ಹೆಸರಾದ ಇಂಗ್ಲೆಂಡಿನಲ್ಲಿಯೂ ಈ ರೂಢಿಯ ಒಂದು ಬೇರು ದೇವಾಲಯದಲ್ಲಿದೆ. ಲ್ಯಾಂಕಶೈರ್ ಪ್ರಾಂತ್ಯದ ‘ವೇಕ್ಸ್’ ವಾರವು ಮೂಲತಃ ಊರ ದೇವಾಲಯದ ವಾರ್ಷಿಕ ಹಬ್ಬ. ಹಬ್ಬದ ಹಿಂದಿನ ರಾತ್ರಿಯ ಜಾಗರಣೆಯೇ ಆ ಹೆಸರಿಗೆ ಕಾರಣ. 19ನೆಯ ಶತಮಾನದಲ್ಲಿ ಆ ವಾರ ಊರಿನ ಹತ್ತಿಗಿರಣಿಗಳೆಲ್ಲ ಮುಚ್ಚುತ್ತಿದ್ದವು. ಕಾರ್ಮಿಕರು ಕುಟುಂಬಸಮೇತ ರೈಲು ಹತ್ತಿ ಬ್ಲ್ಯಾಕ್‌ಪೂಲಿನ ಕಡಲತೀರಕ್ಕೆ ಹೋಗುತ್ತಿದ್ದರು. ಆ ದಿನಗಳಿಗೆ ಕೂಲಿ ಇಲ್ಲದಿದ್ದುದರಿಂದ ವರ್ಷವಿಡೀ ಚಿಲ್ಲರೆ ಕಾಸನ್ನು ಸಂಘಗಳಲ್ಲಿ ಕೂಡಿಡುತ್ತಿದ್ದರು. ಸಂಬಳಸಹಿತ ರಜೆಯ ಕಾಯಿದೆ ಅಲ್ಲಿ ಬಂದದ್ದು 1938ರಲ್ಲಿ. ನಮ್ಮ ದೇಶದಲ್ಲಿ 1951ರ ತೋಟ ಕಾರ್ಮಿಕರ ಕಾಯಿದೆಯು ವಯಸ್ಕ ಕಾರ್ಮಿಕನ 20 ದಿನಗಳ ದುಡಿಮೆಗೆ ಒಂದು ದಿನದಂತೆ ಸಂಬಳಸಹಿತ ರಜೆಯನ್ನು ವಿಧಿಸಿತು. ತೋಟದ ಒಡೆಯರಾಗಿರುವ ನಮ್ಮ ಬಾಂಧವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ತಾವು ಪ್ರವಾಸಕ್ಕೆ ಹೊರಡುವ ಮನೆಯವರು, ಆಳುಗಳ ಮನೆಯವರಿಗೂ ಅಂತಹ ಎರಡು ದಿನಗಳು ದೊರೆಯುವಂತೆ ನೋಡಿಕೊಳ್ಳುವುದು ನ್ಯಾಯ.

ಇನ್ನು ಸಿದ್ಧತೆಯ ಮಾತು. ನವೆಂಬರಿನಿಂದ ಅರೇಬಿಕಾ, ಅದರ ಹಿಂದೆಯೇ ರೊಬಸ್ಟಾ, ಜೊತೆಗೆ ಮೆಣಸು, ಹೀಗೆ ಮಾರ್ಚಿಯವರೆಗೆ ಕೊಯ್ಲಿನಿಂದ ಬಿಡುವಿಲ್ಲ. ಆ ಬಳಿಕ ಹೂಮಳೆಯ ನಿರೀಕ್ಷೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಕಡಲು ಕೆರಳಿರುತ್ತದೆ. ಘಾಟಿಯೂ ನಂಬತಕ್ಕದ್ದಲ್ಲ, 2019ರ ಆಗಸ್ಟಿನಲ್ಲಿ ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದ್ದನ್ನು ಮರೆತವರಿಲ್ಲ. ಆದುದರಿಂದ ಪಾಸ್ಕ ಹಬ್ಬದ ನಂತರದ ಬೇಸಿಗೆ ರಜೆ ಅಥವಾ ಅಕ್ಟೋಬರಿನ ದಸರಾ ರಜೆ ತಕ್ಕ ಕಾಲ. ಬೇಸಿಗೆಯಲ್ಲಿ ಕರಾವಳಿಯ ಸೆಕೆ ನಮ್ಮ ಹಿರಿಯರಿಗೆ ತಡೆಯದು. ಕಡಲತಡಿಗೆ ಬೆಳಗ್ಗೆ ಮತ್ತು ಸಂಜೆ ಮಾತ್ರ ಹೋಗುವುದು ಲೇಸು.

ಮೊದಲ ಪ್ರವಾಸಕ್ಕೆ ಉಡುಪಿಯ ಬಳಿಯ ಮಲ್ಪೆ ಒಳ್ಳೆಯ ಆಯ್ಕೆ. ಅಲ್ಲಿಂದ ದೋಣಿಯಲ್ಲಿ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗಬಹುದು. 1498ರಲ್ಲಿ ವಾಸ್ಕೋ ಡ ಗಾಮನು ಮಾತೆ ಮರಿಯಳ ಹೆಸರನ್ನು ಈ ದ್ವೀಪಕ್ಕಿಟ್ಟನೆಂದು ಪ್ರತೀತಿ. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದ ಭೂಭಾಗದಿಂದ ಬೇರ್ಪಡುತ್ತಿದ್ದ ಕಾಲದ ಲಾವಾರಸವು ಅಲ್ಲಿ ಕಂಬಕಂಬಗಳಾಗಿ ಗಟ್ಟಿಯಾಗಿ ನಿಂತಿದೆ. ಮಳೆಗಾಲದಲ್ಲಿ ದೋಣಿಗಳು ಹೋಗುವುದಿಲ್ಲ. ದ್ವೀಪದಲ್ಲಿ ತಂಗಲು ಅವಕಾಶವಿಲ್ಲ.

ಒಂದು ಎಚ್ಚರಿಕೆ. ಹೇಮಾವತಿಯಲ್ಲೋ ತೋಟದ ಕೆರೆಯಲ್ಲೋ ಈಜು ಕಲಿತ ನಮ್ಮ ಯುವಕರು ಕಡಲನ್ನು ಅದೇ ಲೆಕ್ಕದಲ್ಲಿ ಎಣಿಸಬಾರದು. ದಡಕ್ಕೆ ಬಂದ ಅಲೆಗಳ ನೀರು ಕೆಲವೆಡೆ ಕಿರಿದಾದ ಪ್ರವಾಹವಾಗಿ ರಭಸದಿಂದ ಹಿಂದಕ್ಕೆ ಹರಿಯುತ್ತದೆ. ಅದಕ್ಕೆ ಸಿಕ್ಕಿದವನು ದಡದತ್ತ ನೇರವಾಗಿ ಈಜಲು ಹೋದರೆ ಸೋತುಹೋಗುತ್ತಾನೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಬೇಕು. ಜೀವರಕ್ಷಕರು ಬೇಡವೆಂದ ಕಡೆ ನೀರಿಗೆ ಇಳಿಯಲೇಬಾರದು.

ಖರ್ಚಿಗಾಗಿ ಸಾಲ ಬೇಡ. ಕೊಯ್ಲಿನ ವಾರಗಳಲ್ಲಿ ಕೈಗೆ ಬಂದದ್ದರಲ್ಲಿ ಅಲ್ಪಸ್ವಲ್ಪ ತೆಗೆದಿಟ್ಟರೆ ಸಾಕು. 2023ರಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳ ಪ್ರಯಾಣದ ಹೊರೆಯೂ ಇಳಿದಿದೆ. ಲೆಕ್ಕ ಹಾಕುವಾಗ ಮೊದಲು ಅಜ್ಜಿಯನ್ನು ಎಣಿಸಿರಿ. ಮಂಡಿನೋವೆಂದು ಅವರನ್ನು ಮನೆ ಕಾಯಲು ಬಿಟ್ಟು ಹೋಗಬೇಡಿರಿ. ಮುಂದಿನ ವರ್ಷ ಎನ್ನುವ ಮಾತು ಮಕ್ಕಳಿಗೆ ಸಲ್ಲಬಹುದು, ಅವರಿಗೆ ಸಲ್ಲದು. ಎರಡನೆಯದಾಗಿ ಮನೆಯ ತಾಯಿ. ಬುತ್ತಿ ಕಟ್ಟುವುದು, ಪಾತ್ರೆ ತೊಳೆಯುವುದು, ಮಕ್ಕಳ ಹಿಂದೆ ಓಡುವುದು ಎಲ್ಲವೂ ಅಲ್ಲಿಯೂ ಆಕೆಯ ಪಾಲಿಗೇ ಬಂದರೆ, ಉಳಿದವರಿಗಷ್ಟೇ ರಜೆ ದೊರೆತಂತಾಯಿತು. ಆ ಎರಡು ದಿನ ಗಂಡಸರು ಈ ಕೆಲಸಗಳನ್ನು ಹಂಚಿಕೊಳ್ಳಲಿ.

ಭಾನುವಾರ ಬಂದರೆ ಬಲಿಪೂಜೆಯನ್ನು ತಪ್ಪಿಸಬೇಕಾಗಿಲ್ಲ. 2012ರಲ್ಲಿ ಸ್ಥಾಪನೆಗೊಂಡ ಉಡುಪಿ ಧರ್ಮಪ್ರಾಂತ್ಯದ ಪ್ರಧಾನ ದೇವಾಲಯವಾದ ಕಲ್ಯಾಣಪುರದ ಮಿಲಾಗ್ರಿಸ್, ಮಲ್ಪೆಗೆ ಹತ್ತಿರದಲ್ಲಿಯೇ ಇದೆ. ಸಂಜೆ ಮರಳಿನ ಮೇಲೆ ಮನೆಮಂದಿಯೆಲ್ಲ ಕುಳಿತು ಜಪಸರ ಹೇಳಬಹುದು. ಆರು ದಿನ ಸೃಷ್ಟಿಕಾರ್ಯ ನಡೆಸಿ ಏಳನೆಯ ದಿನವನ್ನು ಪವಿತ್ರಗೊಳಿಸಿದ ದೇವರು ನಮ್ಮ ದಣಿದ ಕುಟುಂಬಗಳಿಗೂ ಆ ವಿಶ್ರಾಂತಿಯನ್ನು ದಯಪಾಲಿಸಲಿ.