ಜೊತೆಗಾರ ಕಲಿಸಿದ ಪಾಠ
ಕ್ಲೋದ್ ಜಿದಿ ನಿರ್ದೇಶಿಸಿದ 1984ರ ಫ್ರೆಂಚ್ ಚಿತ್ರ ‘ಲೆ ರಿಪು’ವನ್ನು ಮೊನ್ನೆ ಮತ್ತೆ ನೋಡಿದೆ. ಪ್ಯಾರಿಸ್ಸಿನ ಬೀದಿಗಳಲ್ಲಿ ಮಾಮೂಲು ವಸೂಲಿ ಮಾಡುತ್ತ ನೆಮ್ಮದಿಯಾಗಿರುವ ಹಳೆಯ ಪೊಲೀಸ್ ರೆನೆಗೆ (ಫಿಲಿಪ್ ನ್ವಾರೆ) ಜೊತೆಗಾರನಾಗಿ ಬರುವವನು ಕಾನೂನನ್ನು ಅಕ್ಷರಶಃ ನಂಬಿದ ತರುಣ ಫ್ರಾನ್ಸುವಾ (ತಿಯೆರಿ ಲೆರ್ಮಿತ್). ಹಿರಿಯನು ತಿದ್ದಿಕೊಳ್ಳುವುದಿಲ್ಲ, ಕಿರಿಯನೇ ಕೆಡುತ್ತಾನೆ. 1985ರಲ್ಲಿ ಅತ್ಯುತ್ತಮ ಚಿತ್ರಕ್ಕಿರುವ ಸೆಜಾರ್ ಪ್ರಶಸ್ತಿ ಈ ಹಾಸ್ಯಕ್ಕೆ ಸಂದಿತು.

ಕೆಟ್ಟ ನಾಣ್ಯವು ಒಳ್ಳೆಯ ನಾಣ್ಯವನ್ನು ಚಲಾವಣೆಯಿಂದ ಹೊರದೂಡುತ್ತದೆ ಎಂಬುದು ತರಗತಿಯಲ್ಲಿ ನಾನು ಓದಿದ ಗ್ರೆಷಾಮನ ನಿಯಮ. ಕಚೇರಿಯಲ್ಲಿ ಕಂಡದ್ದು ಬೇರೆ: ಅಲ್ಲಿ ಒಳ್ಳೆಯ ನಾಣ್ಯ ಹೊರಹೋಗುವುದಿಲ್ಲ, ನಿಧಾನವಾಗಿ ಸವೆಯುತ್ತದೆ.

ಸೇವೆಯ ಮೊದಲ ವರ್ಷ, ಹಿರಿಯ ಸಹೋದ್ಯೋಗಿಯೊಬ್ಬರೊಡನೆ ಪ್ರವಾಸದಲ್ಲಿ ಉಂಡ ಊಟಕ್ಕೆ ಹೋಟೆಲಿನವನು ಹಣ ಕೇಳಲಿಲ್ಲ. ನಾನೂ ಕೊಡಲಿಲ್ಲ. ಮುಂದೆ ಲಂಚ ಮುಟ್ಟಲಿಲ್ಲ, ನಿಜ. ಆದರೆ ಚಿತ್ರ ನೋಡುವಾಗ ಆ ಊಟ ನೆನಪಾಗಿ ನಗು ನಿಂತುಹೋಯಿತು.