ಅಟ್ಟದ ಮೇಲಿನ ಹಳೇ ಕಂಪ್ಯೂಟರ್ ಟಿವಿಗೆ ಹಾಕಬಹುದಾ? ಗುಜರಿಗೆ ಕೊಡೋ ಮುಂಚೆ ಇಷ್ಟು ನೋಡಿ

ತಾಲ್ಲೂಕಿನ ಯಾವ ಬಟ್ಟೆ ಅಂಗಡಿ, ಮೆಡಿಕಲ್ ಸ್ಟೋರ್, ಜೆರಾಕ್ಸ್ ಅಂಗಡಿಯ ಹಿಂದಿನ ಕೋಣೆಗೆ ಹೋದರೂ ಒಂದು ಹಳೇ ಸಿಪಿಯು ಡಬ್ಬ ಕಾಣುತ್ತೆ. ಮೇಲೆ ಒಂದು ಬೆರಳು ಧೂಳು, ಪಕ್ಕದಲ್ಲಿ ಕೇಬಲ್ ಗಂಟು. ಮೈಕ್ರೋಸಾಫ್ಟ್ ಕಂಪನಿ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಹಾಕಬೇಕು ಅಂದ್ರೆ ಇಂಟೆಲ್‌ನಲ್ಲಿ ಹೆಚ್ಚುಕಡಿಮೆ 8ನೇ ತಲೆಮಾರಿನ ಪ್ರೊಸೆಸರ್ ಬೇಕು, ಜೊತೆಗೆ ಟಿಪಿಎಂ 2.0 ಅನ್ನೋ ಚಿಪ್ ಬೇಕು. ಹಾಗಾಗಿ ಬಿಲ್ಲಿಂಗ್‌ಗೆ ಇಟ್ಟಿದ್ದ ಎಷ್ಟೋ ಕಂಪ್ಯೂಟರ್‌ಗಳು ಕೆಡದಿದ್ದರೂ ಅಟ್ಟ ಸೇರುತ್ತಿವೆ. ಆಮೇಲೆ ಗುಜರಿಯವರು ಬಂದು ತೂಕಕ್ಕೆ ಹಾಕಿಕೊಂಡು ಹೋಗ್ತಾರೆ.

ಇದನ್ನೇ ಟಿವಿಗೆ ಸೇರಿಸಿ ಮನೇಲಿ ಸಿನಿಮಾ ನೋಡಬಹುದಲ್ಲ ಅನ್ನೋದು ಹಲವರ ಪ್ರಶ್ನೆ. ನೋಡಬಹುದು. ಆದರೆ ಒಟಿಟಿ ಮತ್ತು ಹೊಸ 4ಕೆ ವಿಡಿಯೋ ಆಸೆಗೆ ಮಾಡೋದಾದರೆ ಬೇಡ. ಅದಕ್ಕೆ ಬೆರಳುದ್ದದ ಟಿವಿ ಸ್ಟಿಕ್ಕೇ ಸಾಕು, ಅದೇ ಚೆನ್ನಾಗಿ ಕೆಲಸ ಮಾಡುತ್ತೆ. ಸ್ಟಿಕ್ಕಿಗೆ ಆಗದ ಕೆಲಸ ಒಂದಿದೆ. ಬೀರುವಿನಲ್ಲಿರೋ ಮದುವೆ ಸಿಡಿ, ಮಗುವಿನ ನಾಮಕರಣದ ಡಿವಿಡಿ, ತೀರಿಕೊಂಡ ಹಿರಿಯರ ದನಿ ಇರುವ ಯಕ್ಷಗಾನದ ಡಿಸ್ಕ್, ಇವನ್ನೆಲ್ಲ ಓದುವ ಡ್ರೈವ್ ಇರುವುದು ಆ ಹಳೇ ಡಬ್ಬದಲ್ಲಿ.

ಮೊದಲು ಹಿಂಬದಿ ನೋಡಿ

ಡಬ್ಬ ಬಿಚ್ಚುವ ಮೊದಲು ಹಿಂದೆ ತಿರುಗಿಸಿ. ಟಿವಿ ಸೆಟ್‌ಟಾಪ್ ಬಾಕ್ಸ್‌ಗೆ ಹಾಕುವಂಥ ಎಚ್‌ಡಿಎಂಐ ಕಿಂಡಿ ಇದ್ದರೆ ಅರ್ಧ ಕೆಲಸ ಮುಗೀತು; ಚಿತ್ರ, ಧ್ವನಿ ಎರಡೂ ಒಂದೇ ವೈರಿನಲ್ಲಿ ಹೋಗುತ್ತೆ. ಬರೀ ನೀಲಿ ಬಣ್ಣದ ವಿಜಿಎ ಕಿಂಡಿ ಇದ್ದರೆ ಅದರಲ್ಲಿ ಚಿತ್ರ ಮಾತ್ರ ಬರುತ್ತೆ, ಧ್ವನಿಗೆ ಬೇರೆ ಆಡಿಯೋ ವೈರ್ ಹಾಕಬೇಕು. ಹಳೇ ಎಲ್‌ಇಡಿ ಟಿವಿಗಳ ಹಿಂದೆ ವಿಜಿಎ ಕಿಂಡಿ ಇರುವುದೂ ಉಂಟು, ಒಮ್ಮೆ ನೋಡಿಕೊಳ್ಳಿ.

ಕನ್ವರ್ಟರ್ ತರುವಾಗ ಬಹಳ ಜನ ಮೋಸ ಹೋಗುತ್ತಾರೆ. ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಎಚ್‌ಡಿಎಂಐನಿಂದ ವಿಜಿಎಗೆ ಹೋಗುವಂಥದ್ದು. ಇಲ್ಲಿ ಬೇಕಾಗಿರುವುದು ಅದರ ಉಲ್ಟಾ, ವಿಜಿಎಯಿಂದ ಎಚ್‌ಡಿಎಂಐಗೆ. ಒಂದರ ಬದಲು ಇನ್ನೊಂದನ್ನು ತಿರುಗಿಸಿ ಹಾಕಿದರೆ ಕೆಲಸ ಮಾಡಲ್ಲ. ಕೇಳುವಾಗ "ಸಿಪಿಯು ಕಡೆ ವಿಜಿಎ, ಟಿವಿ ಕಡೆ ಎಚ್‌ಡಿಎಂಐ" ಅಂತ ಬಿಡಿಸಿ ಹೇಳಿ.

ಯಾವ ಕಂಪ್ಯೂಟರ್‌ಗೆ ಎಷ್ಟು ತಾಕತ್ತು

ವಿಡಿಯೋ ಫೈಲ್ ಅಂದರೆ ಜಿನ್ನಿಂಗ್ ಮಿಲ್ಲಿನ ಹತ್ತಿ ಬೇಲ್ ಇದ್ದ ಹಾಗೆ. ಒತ್ತಿ ಒತ್ತಿ ಚಿಕ್ಕದು ಮಾಡಿ ಕಟ್ಟಿರುತ್ತಾರೆ. ನೋಡುವಾಗ ಸೆಕೆಂಡಿಗೆ ಇಪ್ಪತ್ತೈದು ಮೂವತ್ತು ಚಿತ್ರದಂತೆ ಬಿಚ್ಚುತ್ತಾ ಹೋಗಬೇಕು. ಬಿಚ್ಚುವುದಕ್ಕೇ ಅಂತ ಪ್ರತ್ಯೇಕ ಭಾಗ ಚಿಪ್ಪಿನೊಳಗೆ ಇದ್ದರೆ ಸಲೀಸು. ಇಲ್ಲದಿದ್ದರೆ ಪ್ರೊಸೆಸರ್ ತಾನೇ ಎಲ್ಲ ಮಾಡಬೇಕು. ಆಗಲೇ ಫ್ಯಾನ್ ಕಿರುಚೋದು, ಚಿತ್ರ ತಡವರಿಸೋದು.

ನಮ್ಮ ಕಡೆ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವ ಹಳೇ ಬೋರ್ಡ್‌ಗಳಲ್ಲಿ ಒಂದು ಜಾತಿ ಜಿ31, ಜಿ41. ಇವಕ್ಕೆ ಕೋರ್ 2 ಡ್ಯುಯೋ ಅಥವಾ ಡ್ಯುಯಲ್ ಕೋರ್ ಪ್ರೊಸೆಸರ್. ಇವುಗಳಲ್ಲಿ ಡಿವಿಡಿ ಆರಾಮಾಗಿ ಓಡುತ್ತೆ, 720ಪಿ ಸಿನಿಮಾ ನಡೆಯುತ್ತೆ, 1080ಪಿಗೆ ಏದುಸಿರು. ಇನ್ನೊಂದು ಜಾತಿ 2011ರಿಂದ ಬಂದ ಎಚ್61. ಇದಕ್ಕೆ 2ನೇ, 3ನೇ ತಲೆಮಾರಿನ ಐ3, ಐ5 ಕೂರುತ್ತವೆ. ಇವುಗಳ ಒಳಗೇ ಎಚ್.264 ಅನ್ನೋ ಬಗೆಯ ವಿಡಿಯೋ ಬಿಚ್ಚುವ ಭಾಗ ಇದೆ. ಪೆನ್‌ಡ್ರೈವ್‌ನಲ್ಲಿ ಬರುವ ಹಳೇ ಫುಲ್ ಎಚ್‌ಡಿ ಸಿನಿಮಾಗಳಲ್ಲಿ ಹೆಚ್ಚಿನವು ಈ ಬಗೆಯವೇ. ಎಚ್61 ಸಿಕ್ಕಿದರೆ ಕಣ್ಣು ಮುಚ್ಚಿಕೊಂಡು ಇದಕ್ಕೆ ಇಟ್ಟುಕೊಳ್ಳಿ.

ಯೂಟ್ಯೂಬ್ ವಿಷಯ ಸ್ವಲ್ಪ ಬೇರೆ. ಅದು ಈಗ ವಿಪಿ9, ಎವಿ1 ಅನ್ನೋ ಹೊಸ ಬಗೆಯಲ್ಲಿ ವಿಡಿಯೋ ಕಳಿಸುತ್ತೆ. ಇಂಟೆಲ್‌ನಲ್ಲಿ ವಿಪಿ9 ಬಿಚ್ಚುವ ಪೂರ್ತಿ ಸೌಲಭ್ಯ ಬಂದಿದ್ದು 7ನೇ ತಲೆಮಾರಿಗೆ, ಎವಿ1 ಬಂದಿದ್ದು 11ಕ್ಕೆ. ಹಾಗಾಗಿ ಪೆನ್‌ಡ್ರೈವ್ ಸಿನಿಮಾ ಸಲೀಸಾಗಿ ಓಡಿದ ಕಂಪ್ಯೂಟರೇ ಯೂಟ್ಯೂಬ್‌ನಲ್ಲಿ ತೊದಲುತ್ತೆ. ಇಂಟರ್ನೆಟ್ ಸ್ಲೋ ಅಂತ ಕೇಬಲ್‌ನವನಿಗೆ ಬೈಯೋ ಮುಂಚೆ ಬ್ರೌಸರ್‌ಗೆ "ಎನ್‌ಹಾನ್ಸ್ಡ್ ಎಚ್264ಐಫೈ" ಅನ್ನೋ ಪುಕ್ಕಟೆ ಎಕ್ಸ್‌ಟೆನ್ಶನ್ ಹಾಕಿ ನೋಡಿ. ಅದು ಹಳೇ ಬಗೆಯ ವಿಡಿಯೋವನ್ನೇ ಕಳಿಸು ಅಂತ ಯೂಟ್ಯೂಬ್‌ಗೆ ಕೇಳುತ್ತೆ. 1080ಪಿವರೆಗೆ ಸಿಗುತ್ತೆ. 32 ಇಂಚಿನ ಎಚ್‌ಡಿ ರೆಡಿ ಟಿವಿಗೆ ಅದೇ ಜಾಸ್ತಿ.

ಎರಡು ಕೆಟ್ಟದ್ದರಿಂದ ಒಂದು ಒಳ್ಳೇದು

ಎರಡು ಮೂರು ಹಳೇ ಡಬ್ಬ ಇದ್ದರೆ ಒಂದರ ರ‍್ಯಾಮ್ ಇನ್ನೊಂದಕ್ಕೆ ಹಾಕಬಹುದು. ಆದರೆ ಡಿಡಿಆರ್2 ರ‍್ಯಾಮ್ ಡಿಡಿಆರ್3 ಸ್ಲಾಟಿನಲ್ಲಿ ಕೂರಲ್ಲ. ಕೆಳಗಿನ ಕಚ್ಚಿನ ಜಾಗವೇ ಬೇರೆ. ಒತ್ತಿ ಕೂರಿಸೋಕೆ ಹೋದರೆ ಎರಡೂ ಹಾಳು. ಹಾಗೇ ತುಂಬಾ ಹಳೇ ಡಿವಿಡಿ ಡ್ರೈವ್‌ಗಳದ್ದು ಅಗಲವಾದ ಪಟ್ಟಿ ಕೇಬಲ್, ಎಚ್61 ಬೋರ್ಡ್‌ನಲ್ಲಿ ಅದಕ್ಕೆ ಜಾಗವೇ ಇರಲ್ಲ ಅಂದುಕೊಳ್ಳಿ. ಸಣ್ಣ ಕೇಬಲ್ಲಿನ ಸಾಟಾ ಡ್ರೈವ್ ಬೇಕು.

ಬೋರ್ಡ್ ಮೇಲೆ ಸಣ್ಣ ಡ್ರಮ್ಮಿನ ಆಕಾರದ ಕೆಪಾಸಿಟರ್‌ಗಳಿರುತ್ತವೆ. ಅವುಗಳ ತಲೆ ಚಪ್ಪಟೆ ಇರಬೇಕು. ಉಬ್ಬಿದ್ದರೆ ಆ ಬೋರ್ಡ್ ಬಿಟ್ಟುಬಿಡಿ.

ಫ್ಯಾನ್ ತಿರುಗುತ್ತೆ, ಡಿಸ್ಪ್ಲೇ ಇಲ್ಲ ಅನ್ನೋದು ಮಾಮೂಲಿ ದೂರು. ಪವರ್ ತೆಗೆದು, ರ‍್ಯಾಮ್ ಬಿಚ್ಚಿ, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಹಾಕಿ. ಸರ್ವಿಸ್ ಅಂಗಡಿಯಲ್ಲೂ ಮೊದಲು ಮಾಡೋದು ಇದನ್ನೇ. ಆಗಲೂ ಬರದಿದ್ದರೆ ಪ್ರೊಸೆಸರ್ ಪಕ್ಕದ 4 ಪಿನ್ ಪವರ್ ವೈರ್ ಸಿಕ್ಕಿಸಿದ್ದೀರಾ ನೋಡಿ. ದೊಡ್ಡ 24 ಪಿನ್ ಹಾಕಿ ಇದನ್ನು ಮರೆತರೆ ಫ್ಯಾನ್ ಮಾತ್ರ ತಿರುಗುತ್ತೆ.

ಬೋರ್ಡಿನಲ್ಲಿರುವ ನಾಣ್ಯದಂಥ ಸಿಆರ್2032 ಸೆಲ್ ಸತ್ತಿದ್ದರೆ ಪ್ರತಿ ಸಲ ತಾರೀಖು ಹಿಂದಕ್ಕೆ ಹೋಗುತ್ತೆ. ತಾರೀಖು ತಪ್ಪಿದ್ದರೆ ಯೂಟ್ಯೂಬ್ ಸೇರಿ ಯಾವ ವೆಬ್‌ಸೈಟೂ ಸರಿಯಾಗಿ ತೆರೆಯಲ್ಲ. ಇದನ್ನು ವೈರಸ್ ಅಂದುಕೊಂಡು ಫಾರ್ಮ್ಯಾಟ್ ಮಾಡಿಸಿ ದುಡ್ಡು ಕಳಕೊಂಡವರಿದ್ದಾರೆ.

ಅರ್ಥಿಂಗ್ ಇಲ್ಲದಿದ್ದರೆ ಟಿವಿಗೇ ಅಪಾಯ

ಸಿಪಿಯು ಡಬ್ಬ ಮುಟ್ಟಿದರೆ ಸಣ್ಣಗೆ "ಜುಂ" ಅನ್ನುತ್ತಾ? ಅದನ್ನು ತಮಾಷೆ ಅಂತ ಬಿಡಬೇಡಿ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್‌ನಿಂದ ಅಲ್ಪ ಪ್ರಮಾಣದ ಕರೆಂಟ್ ಡಬ್ಬದ ಮೈಗೆ ಬರುತ್ತೆ. ಅರ್ಥಿಂಗ್ ಸರಿ ಇದ್ದರೆ ಅದು ನೆಲಕ್ಕೆ ಇಳಿಯುತ್ತೆ. ಅರ್ಥಿಂಗ್ ಇಲ್ಲದ ಹಳೇ ಮನೆಗಳಲ್ಲಿ, ತ್ರೀ ಪಿನ್ನನ್ನು ಟೂ ಪಿನ್ ಮಾಡಿಕೊಂಡ ಕಡೆ, ಅದು ಅಲ್ಲೇ ನಿಂತಿರುತ್ತೆ. ಆಗ ಚಾಲೂ ಇರುವಾಗಲೇ ಎಚ್‌ಡಿಎಂಐ ಕೇಬಲ್ ಟಿವಿಗೆ ಚುಚ್ಚಿದರೆ ಟಿವಿಯ ಆ ಕಿಂಡಿಯೇ ಸುಟ್ಟುಹೋಗಬಹುದು. ಪುಕ್ಕಟೆ ಕಂಪ್ಯೂಟರ್ ಮಾಡೋಕೆ ಹೋಗಿ ಟಿವಿ ರಿಪೇರಿ ಬಿಲ್ ಕಟ್ಟಬೇಕಾಗುತ್ತೆ. ಎರಡರ ಪ್ಲಗ್ಗೂ ತೆಗೆದು ಕೇಬಲ್ ಹಾಕಿ, ಆಮೇಲೆ ಸ್ವಿಚ್ ಒತ್ತಿ. ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಆ ಬೋರ್ಡಿಗೆ ಅರ್ಥಿಂಗ್ ಮಾಡಿಸಿದರೆ ಇನ್ನೂ ಒಳ್ಳೇದು.

ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗೆ ಹೊಡೆಯುವಷ್ಟು ಕರೆಂಟ್ ಉಳಿದಿರುತ್ತೆ. ಸುಟ್ಟ ವಾಸನೆ ಬಂದರೆ ಬದಲಾಯಿಸಿ, ಅಷ್ಟೇ.

ಸಿಡಿಗಳ ಕೆಲಸ ಮೊದಲು ಮುಗಿಸಿ

ಕಂಪ್ಯೂಟರ್ ಚಾಲೂ ಆಯ್ತು ಅಂದ ತಕ್ಷಣ ಹಳೇ ವಿಂಡೋಸ್ ಅಳಿಸಿ ಲಿನಕ್ಸ್ ಹಾಕೋಕೆ ಹೋಗಬೇಡಿ. ಕಾರಣ ಇದೆ. 2000ರ ಆಸುಪಾಸಿನ ಮದುವೆಗಳದ್ದು ಹೆಚ್ಚಿನವು ವಿಸಿಡಿ. ಒಂದರಲ್ಲಿ ಸುಮಾರು 74 ನಿಮಿಷ ಹಿಡಿಯುತ್ತೆ, ಅದಕ್ಕೇ ಒಂದು ಮದುವೆಗೆ ಎರಡು ಮೂರು ಸಿಡಿ ಕೊಟ್ಟಿರುತ್ತಾರೆ. ವಿಂಡೋಸ್‌ನಲ್ಲಿ ವಿಸಿಡಿ ತೆರೆದು "ಎಂಪೆಗ್‌ಎವಿ" ಅನ್ನೋ ಫೋಲ್ಡರ್ ಒಳಗಿನ ಡ್ಯಾಟ್ ಫೈಲನ್ನು ಸೀದಾ ಕಾಪಿ ಮಾಡಿಕೊಳ್ಳಬಹುದು. ಲಿನಕ್ಸ್‌ನಲ್ಲಿ ಅದೇ ಫೈಲ್ ಕಾಪಿ ಮಾಡಿದರೆ ಎರರ್ ಬರುತ್ತೆ. ವಿಸಿಡಿಯ ಬರವಣಿಗೆ ರೀತಿಯೇ ಬೇರೆ, ಅದಕ್ಕೆ ಬೇರೆ ಸಾಫ್ಟ್‌ವೇರ್ ಹುಡುಕಬೇಕು. ಸಿಡಿ ಕೆಟ್ಟಿದೆ ಅಂತ ಎಸೆದರೆ ಕಥೆ ಮುಗೀತು.

ಡಿವಿಡಿಯಾದರೆ "ವಿಡಿಯೋ ಟಿಎಸ್" ಫೋಲ್ಡರನ್ನು ಇಡಿಯಾಗಿ ಕಾಪಿ ಮಾಡಿ. ಎರಡನ್ನೂ ವಿಎಲ್‌ಸಿ ಪ್ಲೇಯರ್ ಓಡಿಸುತ್ತೆ, ಅದಕ್ಕೆ ಕಾಸು ಕೊಡಬೇಕಿಲ್ಲ.

ಡಿಸ್ಕ್ ಓದದಿದ್ದರೆ ಸೋಪಿನ ನೀರಲ್ಲಿ ಮೆಲ್ಲಗೆ ತೊಳೆದು ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಒರೆಸುವುದು ನಡುವಿನಿಂದ ಅಂಚಿಗೆ, ಸುತ್ತಲೂ ತಿರುಗಿಸಿ ಅಲ್ಲ. ಒಂದು ಡ್ರೈವ್ ಓದದ ಡಿಸ್ಕನ್ನು ಇನ್ನೊಂದು ಓದುವುದುಂಟು, ಆದ್ದರಿಂದ ಬೇರೆ ಡಬ್ಬದ ಡ್ರೈವೂ ಹಾಕಿ ನೋಡಿ. ಆದರೆ ಡಿಸ್ಕಿನ ಮೇಲ್ಭಾಗದ ಬೆಳ್ಳಿ ಪದರ ಎದ್ದುಹೋಗಿದ್ದರೆ ಆ ಭಾಗ ವಾಪಸ್ ಬರಲ್ಲ. ಅಂಗಡಿಯಲ್ಲಿ ಕೊಂಡ ಸಿನಿಮಾ ಡಿಸ್ಕ್ ಅಚ್ಚು ಹಾಕಿದ್ದು, ಬಾಳಿಕೆ ಜಾಸ್ತಿ. ಸ್ಟುಡಿಯೋದವರು ಕೊಟ್ಟದ್ದು ಬಣ್ಣದ ಪದರದ ಮೇಲೆ ಬರೆದದ್ದು, ವರ್ಷ ಕಳೆದಂತೆ ಮಾಸುತ್ತೆ. ಇಪ್ಪತ್ತು ವರ್ಷದ ಮದುವೆ ಸಿಡಿ ಇವತ್ತು ಓದುತ್ತಿದೆ ಅಂದರೆ ಇವತ್ತೇ ಕಾಪಿ ಮಾಡಿಕೊಳ್ಳಿ, ಎರಡು ಕಡೆ ಇಡಿ.

ಕಾಪಿಯಾದ ವಿಸಿಡಿಯನ್ನು 43 ಇಂಚಿನ ಟಿವಿಯಲ್ಲಿ ಹಾಕಿದರೆ ಮಸುಕು ಮಸುಕಾಗಿ ಚೌಕಚೌಕ ಕಾಣುತ್ತೆ. ಕಂಪ್ಯೂಟರ್ ತಪ್ಪಲ್ಲ. ವಿಸಿಡಿಯ ಚಿತ್ರವೇ 352 ಅಡ್ಡ, 288 ಉದ್ದದ ಚುಕ್ಕಿಗಳದ್ದು. ಅಜ್ಜಿ ಮುಖ ಗುರುತು ಸಿಕ್ಕಿದರೆ ಸಾಕು ಅನ್ನೋರಿಗೆ ಇದು ಸಾಲದ ಮಾತಲ್ಲ.

ಆಮೇಲೆ ಸಾಫ್ಟ್‌ವೇರ್

ಇಂಟರ್ನೆಟ್ ಬೇಕು ಅಂದ್ರೆ ಲಿನಕ್ಸ್ ಮಿಂಟ್ ಹಾಕಿ, 4 ಜಿಬಿ ರ‍್ಯಾಮ್ ಇದ್ದರೆ ನಡೆಯುತ್ತೆ. ಹಳೇ ಹಾರ್ಡ್‌ಡಿಸ್ಕ್ ಬದಲು ಚಿಕ್ಕ ಎಸ್‌ಎಸ್‌ಡಿ ಹಾಕಿದರೆ ವೇಗದಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ. ಇಡೀ ಕೆಲಸದಲ್ಲಿ ದುಡ್ಡು ಹಾಕಬಹುದಾದ ವಸ್ತು ಇದೊಂದೇ. ಬರೀ ಪೆನ್‌ಡ್ರೈವ್ ಸಿನಿಮಾ, ಹಾಡು ಸಾಕು ಅನ್ನೋರಿಗೆ ಲಿಬ್ರೆಎಲೆಕ್ ಇದೆ. ಆನ್ ಮಾಡಿದ ಕೂಡಲೇ ಕೋಡಿ ಅನ್ನೋ ಟಿವಿ ಮೆನು ಬರುತ್ತೆ. ಅದು ಇಡೀ ಡಿಸ್ಕ್ ಅಳಿಸಿ ಕೂರುತ್ತೆ ಅನ್ನೋದು ನೆನಪಿರಲಿ. ಟಿವಿ ರಿಮೋಟ್ ಸಾಮಾನ್ಯವಾಗಿ ಕೆಲಸ ಮಾಡಲ್ಲ. ಕೋಡಿಗೆ ಮೊಬೈಲನ್ನೇ ರಿಮೋಟ್ ಮಾಡುವ "ಕೋರೆ" ಆಪ್ ಇದೆ.

ಚಿತ್ರದ ಅಂಚು ಕತ್ತರಿಸಿದಂತೆ ಕಂಡರೆ ಟಿವಿ ಸೆಟ್ಟಿಂಗ್‌ನಲ್ಲಿ "ಜಸ್ಟ್ ಸ್ಕ್ಯಾನ್" ಅಥವಾ "ಸ್ಕ್ರೀನ್ ಫಿಟ್" ಆಯ್ಕೆ ಮಾಡಿ. ಲಿನಕ್ಸ್ ಬ್ರೌಸರ್‌ಗೆ ಹಲವು ಒಟಿಟಿಗಳು ಫುಲ್ ಎಚ್‌ಡಿ ಕೊಡಲ್ಲ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಹಳೇ ವಿಂಡೋಸನ್ನೇ ಉಳಿಸಿಕೊಂಡರೆ ಅದರಲ್ಲಿ ಬ್ಯಾಂಕ್ ಕೆಲಸ ಬೇಡ.

ಕರೆಂಟ್ ಲೆಕ್ಕ

ಹಳೇ ಡೆಸ್ಕ್‌ಟಾಪ್ 60 ವ್ಯಾಟ್ ಎಳೆಯುತ್ತೆ ಅಂತ ಇಟ್ಟುಕೊಳ್ಳಿ. ದಿನಕ್ಕೆ 4 ಗಂಟೆ ಓಡಿಸಿದರೆ ತಿಂಗಳಿಗೆ 7.2 ಯೂನಿಟ್. 5 ವ್ಯಾಟಿನ ಟಿವಿ ಸ್ಟಿಕ್ಕಿಗೆ 0.6 ಯೂನಿಟ್ ಮಾತ್ರ. ರಾತ್ರಿ ಹಗಲು ಆಫ್ ಮಾಡದೇ ಬಿಟ್ಟರೆ 43 ಯೂನಿಟ್ ದಾಟುತ್ತೆ.

ಗೃಹಜ್ಯೋತಿ ಇರುವ ಮನೆಯವರು ಇಲ್ಲಿ ಹುಷಾರಾಗಿರಬೇಕು. ಹೆಚ್ಚಿನ ಮನೆಗಳಿಗೆ 2022-23ರ ತಿಂಗಳ ಸರಾಸರಿಗೆ ಶೇ. 10 ಸೇರಿಸಿ ಮಿತಿ ಹಾಕಿದ್ದಾರೆ. ಸರಾಸರಿ 60 ಇದ್ದ ಮನೆಗೆ 66 ಯೂನಿಟ್ ಉಚಿತ. ಈಗ 62 ಉರಿಸುತ್ತಿದ್ದರೆ ಈ ಕಂಪ್ಯೂಟರ್ ಸೇರಿ 69 ಆಗುತ್ತೆ, ಮೇಲಿನ 3 ಯೂನಿಟ್‌ಗೆ ದುಡ್ಡು ಕಟ್ಟಬೇಕು. 195ರ ಆಸುಪಾಸಿನಲ್ಲಿರುವ ಮನೆ 200 ದಾಟಿದರೆ ಪೂರ್ತಿ ಬಿಲ್ ಬರುತ್ತೆ. ಮೀಟರ್ ರೀಡರ್ ಕೊಟ್ಟ ಹಳೇ ಬಿಲ್ ಒಮ್ಮೆ ತೆಗೆದು ನೋಡಿ.

ಉಳಿದ ಹಾರ್ಡ್‌ಡಿಸ್ಕ್ ಕೊಡೋ ಮುಂಚೆ

ಅಂಗಡಿಯವರಿಗೆ ಇದು ಮುಖ್ಯ. ಹಳೇ ಡಿಸ್ಕಿನಲ್ಲಿ ಗಿರಾಕಿಗಳ ಉದ್ದರಿ ಲೆಕ್ಕ, ಜಿಎಸ್‌ಟಿ ಪಾಸ್‌ವರ್ಡ್, ಜೆರಾಕ್ಸ್ ಅಂಗಡಿಯಾದರೆ ಊರಿನವರ ಆಧಾರ್ ಸ್ಕ್ಯಾನ್ ಇರುತ್ತೆ. ಡಿಲೀಟ್ ಮಾಡಿದರೆ, ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಅದು ಹೋಗಲ್ಲ, ವಾಪಸ್ ತೆಗೆಯೋ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತೆ. ಬೇಕಾದ್ದನ್ನು ಕಾಪಿ ಮಾಡಿಕೊಂಡು, ಆ ಡಿಸ್ಕನ್ನು ಬೇರೆ ವಿಂಡೋಸ್ ಕಂಪ್ಯೂಟರ್‌ಗೆ ಎರಡನೇ ಡಿಸ್ಕ್ ಆಗಿ ಹಾಕಿ. ಫಾರ್ಮ್ಯಾಟ್ ಒತ್ತುವಾಗ "ಕ್ವಿಕ್ ಫಾರ್ಮ್ಯಾಟ್" ಮುಂದಿನ ಟಿಕ್ ತೆಗೆಯಿರಿ. ಆಗ ವಿಂಡೋಸ್ ಡಿಸ್ಕಿನ ತುಂಬಾ ಸೊನ್ನೆ ಬರೆಯುತ್ತೆ. 500 ಜಿಬಿ ಡಿಸ್ಕಿಗೆ ಒಂದೂವರೆ ಎರಡು ಗಂಟೆ ಹಿಡಿಯುತ್ತೆ. ಸಂಜೆ ಅಂಗಡಿ ಬಾಗಿಲು ಹಾಕೋ ಹೊತ್ತಿಗೆ ಶುರು ಮಾಡಬೇಡಿ, ನಡುವೆ ಕರೆಂಟ್ ಹೋದರೆ ಮೊದಲಿಂದ ಮಾಡಬೇಕು.